ರೋಬೋಟಿಕ್ ದೂರದರ್ಶಕ: ಹೊಸಕೋಟೆ–ಹಾನ್ಲೆ ಚರಿತ್ರೆ

ವೀಕ್ಷಕನ ಕೈ ಸೋಂಕದೆಯೇ, ಮೊದಲೇ ವಿಧಿಸಿದ ಕ್ರಮದಂತೆ ಇರುಳಿನಲ್ಲಿ ಗುಮ್ಮಟವನ್ನು ತೆರೆದು, ಉದ್ದಿಷ್ಟ ಜ್ಯೋತಿಯತ್ತ ತಿರುಗಿ, ಅದರ ಚಿತ್ರವನ್ನು ಗ್ರಹಿಸಿ, ಮೋಡ ಕವಿದೊಡನೆ ತಾನಾಗಿ ಮುಚ್ಚಿಕೊಳ್ಳುವ ದೂರದರ್ಶಕಕ್ಕೆ ಈ ಹೆಸರು ಸಲ್ಲುತ್ತದೆ. ಬೇರೊಂದೆಡೆ ಕುಳಿತ ಮನುಷ್ಯನ ಆಜ್ಞೆಯಂತೆ ಹೆಜ್ಜೆಹೆಜ್ಜೆಗೂ ನಡೆಯುವ ಉಪಕರಣವು ದೂರನಿಯಂತ್ರಿತವಾದುದೇ ಹೊರತು ರೋಬೋಟಿಕ್ ಅಲ್ಲ. ಲಡಾಖಿನ ಹಾನ್ಲೆಯಲ್ಲಿ ಈ ಎರಡು ಬಗೆಗಳೂ ಒಂದೇ ವೀಕ್ಷಣಾಲಯದಲ್ಲಿ ಇರುವುದರಿಂದ, ಭೇದವನ್ನು ಇಲ್ಲಿ ಸ್ಪಷ್ಟಪಡಿಸುವುದು ಅವಶ್ಯ.

ಪೂರ್ವಚರಿತ್ರೆ. ಸ್ವಯಂಚಾಲನೆಯ ಪ್ರಯೋಗಗಳು ಅಮೆರಿಕೆಯಲ್ಲಿ 1960ರ ದಶಕದಲ್ಲಿಯೇ ತೊಡಗಿದವು. ಅಗ್ಗದ ಗಣಕಯಂತ್ರಗಳೂ ವಿದ್ಯುನ್ಮಾನ ಛಾಯಾಗ್ರಾಹಕಗಳೂ ಒದಗಿದ ಮೇಲೆ ಅವು ಹಬ್ಬಿದವು.

ಹೊಸಕೋಟೆಯ ನಿಯಂತ್ರಣ ಕೇಂದ್ರ. ವೈಟ್‌ಫೀಲ್ಡಿನ ಆಚೆ, ಕಾರ್ಖಾನೆಗಳು ಬೆಳೆದಿರುವ ಹೊಸಕೋಟೆಯ ಸೀಮೆಯಲ್ಲಿ, ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ‘ಕ್ರೆಸ್ಟ್’ ಆವರಣವಿದೆ. ಸುಮಾರು 4,500 ಮೀಟರ್ ಎತ್ತರದ ಹಾನ್ಲೆಯಲ್ಲಿರುವ, ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರನ್ನು ಹೊತ್ತ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಇಲ್ಲಿಂದಲೇ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ವಿರಳವಾಯುವಿನ ಆ ಶೀತಪ್ರದೇಶದಲ್ಲಿ ವೀಕ್ಷಕನು ರಾತ್ರಿಗಳನ್ನು ಕಳೆಯುವುದು ದುಸ್ಸಾಧ್ಯವಾದುದೇ ಈ ಏರ್ಪಾಟಿನ ಹಿನ್ನೆಲೆ.

ಚಂದ್ರ ದೂರದರ್ಶಕದ ಪ್ರಾರಂಭವೆಂದು ಒಂದೇ ದಿನವನ್ನು ಹೇಳುವುದು ಕಷ್ಟ. ಪ್ರಥಮ ಬೆಳಕು, ಎಂದರೆ ಆಕಾಶದ ಮೊದಲ ವೀಕ್ಷಣೆ, ಕಂಡುದು 2000ದ ಸೆಪ್ಟೆಂಬರಿನಲ್ಲಿ. ಉಪಗ್ರಹ ಸಂಪರ್ಕ ಉದ್ಘಾಟನೆಗೊಂಡುದು 2001ರ ಜೂನ್ 2ರಂದು. ರಾಷ್ಟ್ರಕ್ಕೆ ಸಮರ್ಪಿತವಾದುದು ಅದೇ ವರ್ಷದ ಆಗಸ್ಟ್ 29ರಂದು. ವೀಕ್ಷಕರಿಗೆ ಕ್ರಮಬದ್ಧವಾಗಿ ದೊರೆತುದು 2003ರ ಮೇ ತಿಂಗಳಿನಿಂದ. ದೂರನಿಯಂತ್ರಣದ ದೃಷ್ಟಿಯಿಂದ ಇವುಗಳಲ್ಲಿ ಜೂನ್ 2ರ ಘಟನೆಯೇ ಪ್ರಧಾನವಾದುದು.

ಸ್ವಯಂಚಾಲನೆ. ಹಾನ್ಲೆಯಲ್ಲಿಯೇ 2018ರ ಜೂನ್ 12ರಂದು ಪ್ರಥಮ ಬೆಳಕು ಕಂಡ ‘ಗ್ರೋಥ್–ಇಂಡಿಯಾ’ ದೂರದರ್ಶಕವು ಬೇರೆಯೇ ವರ್ಗಕ್ಕೆ ಸೇರಿದುದು. 0.7 ಮೀಟರ್ ವ್ಯಾಸದ ಇದನ್ನು ಖಭೌತ ವಿಜ್ಞಾನ ಸಂಸ್ಥೆಯೂ ಮುಂಬಯಿಯ ಐಐಟಿಯೂ ಕೂಡಿ ಸ್ಥಾಪಿಸಿದುವು. ಭಾರತದ ಪ್ರಥಮ ಪೂರ್ಣ ರೋಬೋಟಿಕ್ ಸಂಶೋಧನಾ ದೂರದರ್ಶಕವೆಂದು ಇದು ಪರಿಗಣಿತವಾಗಿದೆ. ಸೂಪರ್‌ನೋವಾ, ಗಾಮಾಕಿರಣಸ್ಫೋಟಗಳ ಅನುದೀಪ್ತಿ ಮುಂತಾದ ಅಲ್ಪಾಯು ಜ್ಯೋತಿಗಳು ಮನುಷ್ಯನ ಸಿದ್ಧತೆಗಾಗಿ ಕಾಯುವುದಿಲ್ಲವಾದ್ದರಿಂದ, ಸೂಚನೆ ಬಂದೊಡನೆ ತಿರುಗಬಲ್ಲ ಯಂತ್ರ ಬೇಕಾಯಿತು. ಒಂದೆಡೆ ಬೆಳಗಾದಾಗ ಮತ್ತೊಂದೆಡೆಯ ದೂರದರ್ಶಕವು ವೀಕ್ಷಣೆಯನ್ನು ಮುಂದುವರಿಸುವಂತೆ, ನಾನಾ ರೇಖಾಂಶಗಳಲ್ಲಿ ಹರಡಿದ ಅಂತರರಾಷ್ಟ್ರೀಯ ಜಾಲದಲ್ಲಿ ಇದೊಂದು ಕೊಂಡಿ.

ಶಿಕ್ಷಣ. ಈ ದೂರದರ್ಶಕದ ಕಾರ್ಯದಲ್ಲಿ ವಿದ್ಯಾರ್ಥಿಗಳ ಪಾತ್ರ ಗಣನೀಯ. ನಿಯಂತ್ರಣ ಕೊಠಡಿಯಲ್ಲಿ ಜಾಗರಣೆ ಮಾಡಿ ಕ್ಷಣದ ನಿರ್ಧಾರವನ್ನು ಕಲಿಯುವುದು ಒಂದು ಬಗೆಯ ಶಿಕ್ಷಣವಾದರೆ, ಬರಲಿರುವ ಮೋಡವನ್ನೂ ಕಿರಿದಾದ ಇರುಳನ್ನೂ ಮುಂಗಂಡು ಯಂತ್ರಕ್ಕೆ ಹಗಲಿನಲ್ಲಿಯೇ ವಿಧಿಯನ್ನು ಬರೆದಿಡುವುದು ಇನ್ನೊಂದು ಬಗೆಯದು.