ಗುಳಿಗೆಯ ಲೆಕ್ಕ

ಇಳಕಲ್ಲಿನ ನಮ್ಮ ಮನೆಯಲ್ಲಿ ಮಗ್ಗದ ಲೆಕ್ಕ ಬರೆಯುವ ವಹಿಯೊಂದಿತ್ತು. ಎಷ್ಟು ಸೀರೆ ಹೋದವು, ಎಷ್ಟು ರೇಶಿಮೆ ಬಂತು ಎಂಬುದೆಲ್ಲ ಮುಂದಿನ ಹಾಳೆಗಳಲ್ಲಿ. ಹಿಂದಿನ ಹಾಳೆಗಳಲ್ಲಿ ಅವ್ವ ಬರೆದಿಟ್ಟದ್ದು ಚಿಗವ್ವನ ಗುಳಿಗೆಯ ಲೆಕ್ಕ.

ಕಂಡಿಕೆ ಸುತ್ತುತ್ತಿದ್ದ ಚಿಗವ್ವ ಒಂದು ಬೇಸಿಗೆಯಲ್ಲಿ ನಿದ್ದೆಗೆಟ್ಟಳು, ಗೋಡೆಯೊಡನೆ ಮಾತಾಡತೊಡಗಿದಳು. ಬದಾಮಿಯ ಬನಶಂಕರಿಗೆ ಹರಕೆ ಹೊತ್ತದ್ದಾಯಿತು. ಆಮೇಲೆ ಬಸ್ಸು ಹತ್ತಿ ಹುನಗುಂದ, ಬಾಗಲಕೋಟೆ ದಾಟಿ ಧಾರವಾಡದ ದಾರಿ ಹಿಡಿದೆವು. ಅಲ್ಲಿಯ ಮಾನಸಿಕ ಆಸ್ಪತ್ರೆ ಶುರುವಾದದ್ದು 1845ರಲ್ಲಿ. ನಮ್ಮ ಕಡೆ 'ಧಾರವಾಡಕ್ಕ ಕಳಸ್ರಿ' ಎಂಬುದೇ ಬೈಗುಳ. 1912ರ ಕಾಯಿದೆಯ ಹೆಸರಿನಲ್ಲೂ ಹುಚ್ಚು ಎಂಬ ಮಾತೇ ಇತ್ತು. ಅದು ತೊಲಗಿ ಹೊಸ ಕಾಯಿದೆ ಜಾರಿಯಾಗಲು 1993 ಬರಬೇಕಾಯಿತು.

ರೋಗಿಯನ್ನು ಅಷ್ಟು ದೂರ ಒಯ್ಯಬೇಕಿಲ್ಲ ಎಂಬುದನ್ನು ನಿಮ್ಹಾನ್ಸ್ ವೈದ್ಯರು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಕೆಲವೇ ಔಷಧಿಗಳಿಂದ ಚಿಕಿತ್ಸೆ ನಡೆಸಿದರು. 1996ರಲ್ಲಿ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

ಮುಂದೆ ಚಿಗವ್ವನಿಗೂ ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿಯೇ ಗುಳಿಗೆ ಸಿಗತೊಡಗಿತು. ಆದರೆ ಎಷ್ಟೋ ಸಲ, "ಗುಳಗಿ ಮುಗದಾವ್ರಿ, ಮುಂದಿನ ವಾರ ಬರ್ರಿ" ಎಂಬ ಉತ್ತರ. ಮೂರು ವಾರ ಹೀಗೆಯೇ ತಪ್ಪಿದಾಗ ಚಿಗವ್ವ ಮತ್ತೆ ಗೋಡೆಯತ್ತ ತಿರುಗಿದಳು. ಆ ರಾತ್ರಿಯಿಂದ ಅವ್ವ ಬರೆಯಹತ್ತಿದಳು: ಹೋದ ತಾರೀಖು, ಇಲ್ಲದ ಗುಳಿಗೆ, ಬಸ್ ಚಾರ್ಜು.

ಒಂದು ದಿನ ವಹಿಯನ್ನು ವೈದ್ಯಾಧಿಕಾರಿಗಳ ಮೇಜಿನ ಮೇಲಿಟ್ಟು, "ಸಾಹೇಬ್ರ, ನಾ ಜಗಳಕ್ಕ ಬಂದಿಲ್ರಿ. ಇಷ್ಟು ಓದಿ ನೋಡ್ರಿ" ಎಂದಳು. ಅವರು ಸುಮ್ಮನೆ ಓದಿದರು. ಮುಂದಿನ ವಾರ ಗುಳಿಗೆ ಬಂತು. ಮುಂದೆಯೂ ಒಮ್ಮೊಮ್ಮೆ ತಪ್ಪಿತು. ತಪ್ಪಿದಾಗಲೆಲ್ಲ ವಹಿ ಹೋಯಿತು.

2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಅವ್ವನ ಮಾತನ್ನೇ ಹಕ್ಕಾಗಿ ಬರೆದಿದೆ. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಔಷಧಿ, ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಸರಕಾರಿ ಆಸ್ಪತ್ರೆಗಳಲ್ಲಿ ಸದಾ ಉಚಿತವಾಗಿ ಸಿಗಬೇಕು. ಸೇವೆಯಲ್ಲಿ ಕೊರತೆಯಾದರೆ ಮೊದಲು ವೈದ್ಯಾಧಿಕಾರಿಗೆ, ಅಲ್ಲಿ ಸಮಾಧಾನವಾಗದಿದ್ದರೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ದೂರು ಕೊಡಬಹುದು.

ಸೀರೆಯ ಕೂಲಿಯಲ್ಲಿ ಹತ್ತು ರೂಪಾಯಿ ತಪ್ಪಿದರೆ ನಾವು ಸಾಹುಕಾರನನ್ನು ಕೇಳದೆ ಬಿಡುವುದಿಲ್ಲ. ಮನೆಯವಳ ಮನಸ್ಸಿನ ಲೆಕ್ಕ ಕೇಳಲು ಮಾತ್ರ ನಾಚುತ್ತೇವೆ. ಅವ್ವ ನಾಚಲಿಲ್ಲ. ಚಿಗವ್ವ ಮತ್ತೆ ಕಂಡಿಕೆ ಸುತ್ತಿದಳು.