ಸೈಡ್‌ಕಾರ್ ರೇಸಿಂಗ್

ಮೂರು ಚಕ್ರದ ಒಂದೇ ವಾಹನವನ್ನು ಚಾಲಕ ಹಾಗೂ ಸಹಸವಾರ ಜೊತೆಗೂಡಿ ಓಡಿಸುವ ಮೋಟಾರ್‌ಸೈಕಲ್ ಪಂದ್ಯ. ಚಾಲಕ ಮಂಡಿಯೂರಿ ಬಾಗಿ ಹ್ಯಾಂಡಲ್ ಹಿಡಿದರೆ, ಸಹಸವಾರ ತಿರುವು ನೋಡಿಕೊಂಡು ಹಿಂಚಕ್ರದ ಮೇಲಕ್ಕೋ ಪಕ್ಕದ ಚಕ್ರದಾಚೆಗೋ ಮೈಚಾಚಿ ತೂಕ ಸರಿದೂಗಿಸುತ್ತಾನೆ; ಆಗ ಮೈ ನೆಲಕ್ಕೆ ತಾಗುವಷ್ಟು ಹತ್ತಿರ. ಅವನನ್ನು ಬರೀ ಪ್ರಯಾಣಿಕ ಎನ್ನುವುದು ಅನ್ಯಾಯವೇ ಸರಿ. ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ (ಟೂರಿಸ್ಟ್ ಟ್ರೋಫಿ) ಪಂದ್ಯಾವಳಿಯಲ್ಲಿ ಈ ಸ್ಪರ್ಧೆ 1923ರಲ್ಲಿ ಶುರುವಾಯಿತು. ವಿಶ್ವ ಚಾಂಪಿಯನ್‌ಷಿಪ್ 1949ರಲ್ಲಿ. ಸುಮಾರು 60 ಕಿ.ಮೀ. ಉದ್ದದ ಟಿಟಿ ಸುತ್ತನ್ನು ಸೈಡ್‌ಕಾರ್‌ನಲ್ಲಿ ಗಂಟೆಗೆ 120 ಮೈಲಿ ಮೀರಿದ ಸರಾಸರಿಯಲ್ಲಿ ಮೊದಲು ಮುಗಿಸಿದವರು ಇಂಗ್ಲೆಂಡಿನ ಬೆನ್ ಮತ್ತು ಟಾಮ್ ಬರ್ಚಲ್ ಸಹೋದರರು, 2023ರಲ್ಲಿ. ಬ್ರಿಟನ್ನಿನ ಮೋಟಾರ್‌ಸೈಕಲ್ ಪ್ರದರ್ಶನಗಳಲ್ಲಿ ತಂಡಗಳು ತಮ್ಮ ವಾಹನ ನಿಲ್ಲಿಸಿಟ್ಟು ತೋರಿಸುವುದುಂಟು. ಸಹಸವಾರನ ಪಾಲಿಗಿರುವುದು ಸೀಟಲ್ಲ, ಚಪ್ಪಟೆ ಹಲಗೆ ಮತ್ತು ಕೆಲವು ಹಿಡಿಗಳಷ್ಟೇ ಎಂಬುದು ಹತ್ತಿರ ನಿಂತಾಗ ಕಾಣುತ್ತದೆ.