ಕಾಶ್ಗರದ ಕಾನ್ಸಲ್

ಸದ್ಧರ್ಮಪುಂಡರೀಕವೆಂಬ ಬೌದ್ಧ ಸೂತ್ರವನ್ನು ಅಭ್ಯಸಿಸುವವರು ‘ಪೆಟ್ರೊವ್‌ಸ್ಕಿ ಪ್ರತಿ’ ಎಂಬ ಮಾತನ್ನು ಮೇಲಿಂದ ಮೇಲೆ ಕಾಣುತ್ತಾರೆ. ಸಂಸ್ಕೃತ ಗ್ರಂಥಕ್ಕೆ ರಷ್ಯದವನ ಹೆಸರು ಅಂಟಿದ್ದು ಹೇಗೆ? ನಾನು ಈ ಹೊತ್ತು ಹೇಳಹೊರಟಿರುವುದು ಆ ನಿಕೊಲಾಯ್ ಪೆಟ್ರೊವ್‌ಸ್ಕಿಯ ವಿಷಯ.

1837ರಲ್ಲಿ ಹುಟ್ಟಿದ ಈತ ಮೊದಲು ತಾಷ್ಕೆಂಟಿನಲ್ಲಿ ಹಣಕಾಸು ಇಲಾಖೆಯ ಪ್ರತಿನಿಧಿಯಾಗಿದ್ದ. 1882ರಲ್ಲಿ ಚೀನೀ ತುರ್ಕಿಸ್ತಾನದ ಕಾಶ್ಗರಕ್ಕೆ ಝಾರ್ ಸರ್ಕಾರದ ಕಾನ್ಸಲ್ ಆಗಿ ಹೋದವನು 1903ರವರೆಗೂ ಅಲ್ಲಿಯೇ ಇದ್ದ. ರಷ್ಯನ್ ವರ್ತಕರ ಹಿತ ಕಾಯುವುದು ಕಾಗದದ ಮೇಲಿನ ಕೆಲಸ. ಪಾಮೀರಿನ ಸುತ್ತ ಇಂಗ್ಲಿಷರ ಚಲನವಲನದ ಮೇಲೆ ಕಣ್ಣಿಡುವುದು ನಿಜವಾದ ಕೆಲಸ. ಇಂಗ್ಲಿಷರ ಪರವಾಗಿ 1890ರಲ್ಲಿ ಜಾರ್ಜ್ ಮೆಕಾರ್ಟ್ನಿ ಬಂದು ನೆಲೆಸಿದ. 1899ರಿಂದ 1902ರವರೆಗೆ ಪೆಟ್ರೊವ್‌ಸ್ಕಿ ಆತನೊಡನೆ ಮಾತನ್ನೇ ಆಡಲಿಲ್ಲ. ಯುರೋಪಿಯನ್ನರು ಬೆರಳೆಣಿಕೆಯಷ್ಟಿದ್ದ ಊರಿನಲ್ಲಿ ಆ ಮೌನ ಎಷ್ಟು ಭಾರವಾಗಿತ್ತೋ!

ಈ ಸ್ಪರ್ಧೆ ಹಳೆಯ ಓಲೆಗಳಿಗೂ ಹಬ್ಬಿತು. 1890ರಲ್ಲಿ ಬೋವರ್ ಎಂಬ ಇಂಗ್ಲಿಷ್ ಸೇನಾಧಿಕಾರಿ ಕುಚಾದಲ್ಲಿ ಭೂರ್ಜಪತ್ರದ ಸಂಸ್ಕೃತ ಹಸ್ತಪ್ರತಿಯೊಂದನ್ನು ಕೊಂಡ. ಕಲ್ಕತ್ತೆಯಲ್ಲಿ ಹರ್ನ್ಲೆ ಅದನ್ನು ಓದಿ, ಅದರಲ್ಲಿ ವೈದ್ಯವಿದೆಯೆಂದು ತೋರಿಸಿದ. ಆಮೇಲೆ ಪೆಟ್ರೊವ್‌ಸ್ಕಿ ಕೊಂಡದ್ದೆಲ್ಲ ಸೇಂಟ್ ಪೀಟರ್ಸ್‌ಬರ್ಗಿನ ಪಂಡಿತ ಓಲ್ಡೆನ್‌ಬುರ್ಗನ ಬಳಿಗೆ, ಮೆಕಾರ್ಟ್ನಿ ಕೊಂಡದ್ದು ಹರ್ನ್ಲೆಯ ಬಳಿಗೆ. ಬೇಡಿಕೆ ಇದ್ದಲ್ಲಿ ಸರಕು ಹುಟ್ಟದಿರುತ್ತದೆಯೇ? ಖೋತಾನಿನ ಇಸ್ಲಾಂ ಅಖುನ್ ಎಂಬಾತ ಯಾರೂ ಓದಲಾಗದ ಲಿಪಿಗಳನ್ನು ತಾನೇ ಕಲ್ಪಿಸಿ, ಕಾಗದಕ್ಕೆ ಹೊಗೆ ಹಿಡಿಸಿ, ಇಬ್ಬರಿಗೂ ಮಾರಿದ. ಹರ್ನ್ಲೆ ಆ ಅಕ್ಷರಗಳೊಡನೆ ವರ್ಷಗಟ್ಟಲೆ ಹೆಣಗಿದ. 1901ರಲ್ಲಿ ಆರೆಲ್ ಸ್ಟೈನ್ ಅಖುನನ ಬಾಯಿಂದಲೇ ನಿಜ ಹೊರಡಿಸಿದ.

ನಗು ಬರುವ ಈ ಕಥೆಗಿಂತ ನನ್ನನ್ನು ಹೆಚ್ಚು ನೋಯಿಸುವುದು ಧಮ್ಮಪದದ ಗತಿ. ಖೋತಾನಿನ ಸೀಮೆಯಲ್ಲಿ ದೊರೆತ ಆ ಭೂರ್ಜಪತ್ರದ ಪ್ರತಿ ಖರೋಷ್ಠೀ ಲಿಪಿಯಲ್ಲಿದೆ. ಭಾಷೆ ಗಾಂಧಾರದ ಪ್ರಾಕೃತ. ಮಾರುವವರು ಅದನ್ನು ತುಂಡು ಮಾಡಿದ್ದರು. ಒಂದು ಭಾಗ ಫ್ರೆಂಚ್ ಪ್ರವಾಸಿಗಳ ಕೈಸೇರಿ ಪ್ಯಾರಿಸ್ಸಿಗೆ ಹೋಯಿತು. ಇನ್ನೊಂದನ್ನು ಪೆಟ್ರೊವ್‌ಸ್ಕಿ ಪೀಟರ್ಸ್‌ಬರ್ಗಿಗೆ ಕಳುಹಿಸಿದ. ಎರಡೂ ಭಾಗಗಳು ಒಂದೇ ಪುಸ್ತಕವಾಗಿ ಸಮಗ್ರವಾಗಿ ಅಚ್ಚಾದದ್ದು 1962ರಲ್ಲಿ, ಲಂಡನ್ನಿನ ವಿದ್ವಾಂಸ ಜಾನ್ ಬ್ರಫನ ಶ್ರಮದಿಂದ.

ಕೊಳ್ಳದಿದ್ದರೆ ಓಲೆಗಳು ನಾಶವಾಗುತ್ತಿದ್ದುವೆಂದು ಪೆಟ್ರೊವ್‌ಸ್ಕಿಯ ಪರವಾಗಿ ವಾದಿಸಬಹುದು. ಆದರೆ ಹಣದಾಸೆಗೆ ಅಗೆದವರು ಯಾವ ಸ್ತೂಪದಿಂದ, ಯಾವ ವಿಹಾರದಿಂದ ತೆಗೆದರೆಂಬುದನ್ನು ಬರೆದಿಡಲಿಲ್ಲ. ಆ ನಷ್ಟವನ್ನು ಯಾವ ಸಂಗ್ರಹಾಲಯವೂ ತುಂಬಿಕೊಡಲಾರದೆಂದೇ ನನ್ನ ಎಣಿಕೆ.

ಪೆಟ್ರೊವ್‌ಸ್ಕಿ 1908ರಲ್ಲಿ ತಾಷ್ಕೆಂಟಿನಲ್ಲಿ ತೀರಿಕೊಂಡ. ಆತನ ಸದ್ಧರ್ಮಪುಂಡರೀಕದ ಛಾಯಾಪ್ರತಿಯನ್ನು 1976ರಲ್ಲಿ ಲೋಕೇಶಚಂದ್ರರು ದೆಹಲಿಯಲ್ಲಿ ಪ್ರಕಟಿಸಿದರು.